ಡಿಗ್ರಿ ಮುಗಿದು ಎರಡೂವರೆ ವರ್ಷ ಆಯ್ತು, ಹಾಸನದಲ್ಲೇ ಕೆಲಸ ಸಿಕ್ಕೋ ದಾರಿ ಯಾರಿಗಾದ್ರೂ ಗೊತ್ತಾ?

ಹಳೇಬಿಕಾಂ
ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೀತಿರೋದು ಇದೇ ಮೊದಲು, ಉದ್ದ ಆದ್ರೆ ಬೈಬೇಡಿ.

ನಾನು ಕೊಣನೂರು ಕಡೆಯವಳು. 2023ರಲ್ಲಿ ಬಿಕಾಂ ಆಯ್ತು, 71 ಪರ್ಸೆಂಟ್. ಟ್ಯಾಲಿ ಕಲ್ತಿದೀನಿ, ಕನ್ನಡ ಟೈಪಿಂಗ್ ಬರುತ್ತೆ. ಮನೇಲಿ ಒಂದೂವರೆ ಎಕರೆ, ಎರಡು ಹಸು. ಯುವನಿಧಿ ದುಡ್ಡು ಬರ್ತಿತ್ತು, ಎರಡು ವರ್ಷ ಮುಗಿದು ಅದೂ ನಿಂತೋಯ್ತು.

ಹೋದ ತಿಂಗಳು ಹಾಸನದಲ್ಲಿ ಒಂದು ಉದ್ಯೋಗ ಮೇಳ ಇತ್ತು. 12 ರೆಸ್ಯೂಮ್ ಜೆರಾಕ್ಸ್ ಮಾಡಿಸ್ಕೊಂಡು ಹೋದೆ, ವಾಪಸ್ ಬರುವಾಗ 7 ಹಂಗೇ ಉಳಿದಿದ್ವು. ಕೊಟ್ಟ ಐದರಲ್ಲಿ ಎರಡು ಇನ್ಶೂರೆನ್ಸ್, ಸಂಬಳ ಇಲ್ಲ, ಬರೀ ಕಮಿಷನ್. ಒಂದು, ಬೈಕ್ ಸಾಲ ಕಟ್ಟದೋರಿಗೆ ಫೋನ್ ಮಾಡಿ ಕಾಡೋ ಕೆಲಸ. ಒಂದು ಗಾರ್ಮೆಂಟ್ಸ್. ಇನ್ನೊಂದು ಬೆಂಗಳೂರು ಆಚೆ ಮೊಬೈಲ್ ಜೋಡಿಸೋ ಫ್ಯಾಕ್ಟರಿ. ಅಲ್ಲಿ ಟೇಬಲ್ಲಲ್ಲಿ ಕೂತಿದ್ದ ಹುಡುಗ ನನ್ನ ಮಾರ್ಕ್ಸ್ ಕಾರ್ಡ್ ಮುಟ್ಟಲೂ ಇಲ್ಲ. ತಲೆ ಎತ್ತದೇ "ಹೈಟ್ ಎಷ್ಟು?" ಅಂತ ಕೇಳಿದ. ಅಷ್ಟೇ ಸಂದರ್ಶನ.

ಅದಾದ್ಮೇಲೆ ಒಂದು ಸರ್ಕಾರಿ ಕಚೇರಿಗೆ ಹೋಗಿ ಹೆಣ್ಮಕ್ಕಳಿಗೆ ಅಂತ ಏನಾದ್ರೂ ಸಹಾಯ ಇದ್ಯಾ ಅಂತ ಕೇಳಿದೆ. "ಎಲ್ಲ ಆನ್‌ಲೈನ್ ಇದೆಯಮ್ಮ, ನೋಡ್ಕೊ" ಅಂದ್ರು. ಆನ್‌ಲೈನ್ ನೋಡೋಕೆ ಬರಲ್ಲ ಅಂತ ಅಲ್ಲ ನಾನು ಹೋಗಿದ್ದು.

ಬೆಂಗಳೂರಿಗೆ ಹೋಗು ಅನ್ನೋರು ದಯವಿಟ್ಟು ಆ ಮಾತು ಬಿಟ್ಟು ಬೇರೆ ಏನಾದ್ರೂ ಹೇಳಿ. ಕಾರಣ ಮನೇದು, ಇಲ್ಲಿ ಬೇಡ.

ಸಿಂಗಲ್_ನೀಡಲ್
"ಹೈಟ್ ಎಷ್ಟು" ನನಗೂ ಕೇಳಿದ್ರು ಕಣೇ 😂 ಅಲ್ಲಿ ಎಂಟು ಗಂಟೆ ನಿಂತೇ ಮಾಡೋ ಕೆಲಸ. ಗಿಡ್ಡ ಇದ್ರೆ ಕೈ ಎಟುಕಲ್ಲ ಅಂತೆ.

ಕೊಬ್ಬರಿ_ಅರಸೀಕೆರೆ
ಬೇಜಾರು ಮಾಡ್ಕೋಬೇಡಮ್ಮ, ಇದ್ದದ್ದು ಇದ್ದಂಗೆ ಹೇಳ್ತೀನಿ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ "ಟೈಲರ್‌ಗಳು ಬೇಕಾಗಿದ್ದಾರೆ" ಅನ್ನೋ ಬೋರ್ಡು ವರ್ಷವಿಡೀ ನೇತಾಡ್ತಿರುತ್ತೆ. ನಮ್ಮ ತೋಟದಲ್ಲಿ ಕಾಯಿ ಸುಲಿಯೋಕೆ ಬಿಹಾರದಿಂದ ಜನ ಬರ್ತಾವ್ರೆ. ಕೆಲಸ ಇಲ್ಲ ಅನ್ನೋದು ಸುಳ್ಳು. ಫ್ಯಾನ್ ಕೆಳಗೆ ಕೂರೋ ಕೆಲಸ ಇಲ್ಲ ಅನ್ನಿ, ಒಪ್ತೀನಿ.

ಸಿಂಗಲ್_ನೀಡಲ್
ಅಣ್ಣ, ಬೋರ್ಡು ವರ್ಷವಿಡೀ ಯಾಕೆ ನೇತಾಡುತ್ತೆ ಅಂತ ಒಂದ್ಸಲನಾದ್ರೂ ಯೋಚ್ನೆ ಮಾಡಿದೀರಾ? ಸೇರಿದೋರು ನಿಲ್ಲಲ್ಲ, ಅದಕ್ಕೆ.

ನಾನು ಬಿಎ. ಮೂರು ವರ್ಷದಿಂದ ಲೈನಲ್ಲಿದೀನಿ, ಕಾಲರ್ ಹೊಲಿಯೋದು. ಹೋದ ತಿಂಗಳ ಸ್ಲಿಪ್ ಮುಂದೆ ಇಟ್ಕೊಂಡೇ ಬರೀತಿದೀನಿ: ಒಟ್ಟು 13,400. ಪಿಎಫ್ 12 ಪರ್ಸೆಂಟ್, 1,608 ಹೋಯ್ತು. ಇಎಸ್‌ಐ 101. ಕೈಗೆ 11,691. ಬೆಳಿಗ್ಗೆ 7ಕ್ಕೆ ಊರ ಗೇಟಲ್ಲಿ ವ್ಯಾನ್ ಹತ್ತಬೇಕು, ಅಂದ್ರೆ 5ಕ್ಕೆ ಏಳ್ಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡ್ ಮೇಲೆ ಬರೀತಾರೆ, ಕಮ್ಮಿ ಆದ್ರೆ ಸೂಪರ್‌ವೈಸರ್ ಬಂದು ಬೆನ್ನ ಹಿಂದೆ ನಿಂತ್ಕೋತಾನೆ. ಏನೂ ಅನ್ನಲ್ಲ. ನಿಂತ್ಕೋತಾನೆ ಅಷ್ಟೇ. ನೀರು ಕುಡಿದ್ರೆ ಬಾತ್‌ರೂಮಿಗೆ ಎದ್ದು ಹೋಗ್ಬೇಕಲ್ಲ ಅಂತ ನಮ್ಮ ಲೈನಲ್ಲಿ ಅರ್ಧ ಜನ ನೀರೇ ಕುಡಿಯಲ್ಲ.

ಅಂದ್ರೆ ಬಿಟ್ಟು ಬಂದ್ಬಿಡ್ತೀನಿ ಅಂತಲ್ಲ. ನನ್ನ ಹೆಸರಲ್ಲಿ ಪಿಎಫ್ ಇದೆ. ಇಎಸ್‌ಐ ಕಾರ್ಡಲ್ಲಿ ನಮ್ಮಮ್ಮನ ಹೆಸರಿದೆ, ಅಮ್ಮನ ಆಪರೇಷನ್ ಅದರಲ್ಲೇ ಆಯ್ತು. ಡಿಗ್ರಿ ಮುಗಿಸಿ ಮನೇಲಿದ್ದ ಒಂದು ವರ್ಷಕ್ಕಿಂತ ಇದೇ ವಾಸಿ. ಆದ್ರೆ ಫ್ಯಾನ್ ಕೆಳಗೆ ಕೂರೋರು ಅಂತೆಲ್ಲ ಅನ್ಬೇಡಿ. ನಾವೂ ಫ್ಯಾನ್ ಕೆಳಗೇ ಕೂರ್ತೀವಿ, ಬಂದು ನೋಡಿ.

ಕೊಬ್ಬರಿ_ಅರಸೀಕೆರೆ
ಆಯ್ತು ತಾಯಿ, ತಪ್ಪಾಯ್ತು.

ಮಲೆನಾಡ್_ಮಳೆ
ಯುವನಿಧಿ ಕೊಟ್ಟಿದ್ದೇ ತಪ್ಪು. ತಿಂಗಳಿಗೆ 3,000 ಮನೆಗೇ ಬಂದು ಬಿದ್ರೆ ಯಾರು ಕೆಲಸ ಹುಡುಕ್ತಾರೆ?

ಎಂಕಾಂ_ಸೊಸೆ
3,000ದಲ್ಲಿ ಸೋಮಾರಿ ಆಗೋದು ಹೆಂಗೆ ಅಂತ ನಮಗೂ ಹೇಳಿಕೊಡಿ ಸಾರ್.

ಹಳೇಬಿಕಾಂ
ಲೆಕ್ಕ ಇಲ್ಲೇ ಇದೆ. ಟ್ಯಾಲಿ ಕ್ಲಾಸು ತಿಂಗಳಿಗೆ 1,200, ನಾಲ್ಕು ತಿಂಗಳು. ಪರೀಕ್ಷೆ ಅರ್ಜಿ ಫೀಸು, ಸೈಬರ್ ಸೆಂಟರ್‌ನವನಿಗೆ ಪ್ರತಿ ಸಲ 100. ಫೋನ್ ರೀಚಾರ್ಜ್. ಉಳಿದಿದ್ದು ಹಸುವಿನ ಹಿಂಡಿಗೆ ಹೋಯ್ತು, ಸುಳ್ಳು ಯಾಕೆ ಹೇಳ್ಲಿ. ನಡುವೆ ಎರಡು ತಿಂಗಳು ಸ್ವಯಂ ಘೋಷಣೆ ಮಾಡೋದು ಮರೆತೆ, ಆ ದುಡ್ಡು ಬರ್ಲೇ ಇಲ್ಲ.

ಕಾಲಂ_ನಂಬರ್_9
ಯುವನಿಧಿ ಬಗ್ಗೆ ಗೊತ್ತಿಲ್ಲದೋರಿಗೆ: ಪದವಿ ಆದೋರಿಗೆ 3,000, ಡಿಪ್ಲೊಮಾದೋರಿಗೆ 1,500. ಪಾಸಾಗಿ 180 ದಿನ ಕೆಲಸ ಸಿಗದಿದ್ರೆ ಸೇವಾ ಸಿಂಧುನಲ್ಲಿ ಅರ್ಜಿ. ಗರಿಷ್ಠ ಎರಡು ವರ್ಷ, ನಡುವೆ ಕೆಲಸ ಸಿಕ್ರೆ ಅಲ್ಲಿಗೇ ನಿಲ್ಲುತ್ತೆ. ಮುಂದೆ ಓದೋಕೆ ಸೇರಿದ್ರೂ ಇಲ್ಲ, ಅಪ್ರೆಂಟಿಸ್ ಸೇರಿದ್ರೂ ಇಲ್ಲ. 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಶುರು ಮಾಡಿದ್ದು.

ನನಗೆ ಹಿಡಿಸದೇ ಇರೋದು ಆ ಅಪ್ರೆಂಟಿಸ್ ಕಟ್ಟಳೆ. ಮನೇಲಿ ಕೂತಿದ್ರೆ ದುಡ್ಡು, ಕಲಿಯೋಕೆ ಹೋದ ದಿನ ಕಟ್.

ತಾಲ್ಲೂಕ್_ಟಾಪರ್
ಅಪ್ರೆಂಟಿಸ್‌ಗೆ ಅದರದೇ ಸ್ಟೈಪೆಂಡ್ ಇದೆಯಲ್ಲ ಸಾರ್, ಎರಡೂ ಕೊಡೋಕಾಗುತ್ತಾ? ನಾನು 2022ರಲ್ಲಿ ನ್ಯಾಟ್ಸ್ ಅನ್ನೋ ಕೇಂದ್ರದ ಅಪ್ರೆಂಟಿಸ್ ಯೋಜನೇಲಿ ಒಂದು ವರ್ಷ ಮಾಡ್ದೆ. ಆಗ ಪದವೀಧರರಿಗೆ ಕನಿಷ್ಠ 9,000, ಅದರಲ್ಲಿ ಅರ್ಧ ಸರ್ಕಾರದ್ದು. ತುಂಬಾ ಜನಕ್ಕೆ ಅದು ಎಂಜಿನಿಯರ್‌ಗಳಿಗೆ ಮಾತ್ರ ಅನ್ನೋ ತಪ್ಪು ಕಲ್ಪನೆ ಇದೆ. ಬಿಎ, ಬಿಕಾಂ, ಬಿಎಸ್‌ಸಿಗೂ ಇದೆ. ಹಳೇಬಿಕಾಂ ಅಕ್ಕ, ನೋಡಿದೀರಾ? ಆದ್ರೆ ಪಾಸಾಗಿ ತುಂಬಾ ವರ್ಷ ಆಗಿರಬಾರದು, ಬೇಗ ನೋಡಿ.

ಇನ್ನೊಂದು ಮಾತು: ವರ್ಷ ಮುಗಿದ ದಿನ ನನಗೆ ಸರ್ಟಿಫಿಕೇಟ್ ಕೊಟ್ಟು, ಮರುದಿನ ನನ್ನ ಕುರ್ಚಿಗೆ ಇನ್ನೊಬ್ಬ ಅಪ್ರೆಂಟಿಸ್ ಕೂರಿಸಿದ್ರು. ಅವಳಿಗೆ ಫೈಲ್ ಎಲ್ಲೆಲ್ಲಿದೆ ಅಂತ ತೋರಿಸಿ ಬಂದೋಳು ನಾನೇ.

ಹಳೇಬಿಕಾಂ
ಹಾಸನದಲ್ಲಿ ಅಂತ ಹಾಕಿ ಹುಡುಕಿದೆ. ಮೂರು ಕಡೆ ಬಿಕಾಂಗೆ ಇತ್ತು, ಮೂರಕ್ಕೂ ಹಾಕಿದೀನಿ. "ಅಂಡರ್ ರಿವ್ಯೂ" ಅಂತ ತೋರಿಸ್ತಿದೆ, ಅಷ್ಟೇ.

ಕೋಟೆಬೀದಿ_ರಿಟೈರ್ಡ್
ನಾನು ಬೇರೊಂದು ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಈಗ ನಿವೃತ್ತ. ಮಕ್ಕಳು ಕೇಳುವುದರಲ್ಲಿ ನ್ಯಾಯವಿದೆ.

ನಮ್ಮ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಹೆಸರು ನೋಂದಾಯಿಸುತ್ತಿದ್ದರು. ಗುಲಾಬಿ ಬಣ್ಣದ ಕಾರ್ಡು. ಮೂರು ವರ್ಷಕ್ಕೊಮ್ಮೆ ನವೀಕರಣ. ತಪ್ಪಿದರೆ ಸೀನಿಯಾರಿಟಿ ಹೋಗುತ್ತಿತ್ತು, ಅದಕ್ಕೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಇಲಾಖೆಗಳು ಇಷ್ಟು ಜನ ಬೇಕು ಅಂತ ಬರೆಯುತ್ತಿದ್ದವು, ನಾವು ಪಟ್ಟಿ ಕಳಿಸುತ್ತಿದ್ದೆವು. ನೇಮಕಾತಿಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಹೋದ ಮೇಲೆ ಆ ಪಟ್ಟಿಗೆ ಬೆಲೆ ಉಳಿಯಲಿಲ್ಲ.

ಖಾಸಗಿಯವರು ನಮ್ಮ ಮೂಲಕವೇ ತೆಗೆದುಕೊಳ್ಳಬೇಕು ಎಂದು ಅನೇಕರು ತಿಳಿದಿದ್ದರು. 1959ರ ಕಾಯ್ದೆಯಲ್ಲಿ ಇದ್ದದ್ದು ಖಾಲಿ ಹುದ್ದೆಯನ್ನು ತಿಳಿಸಬೇಕು ಎಂದು ಮಾತ್ರ. 25 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಖಾಸಗಿ ಸಂಸ್ಥೆಗಳಿಗೆ ಅದು ಅನ್ವಯ. ತಿಳಿಸಿದ ಮೇಲೆ ನಮ್ಮವರನ್ನೇ ತೆಗೆದುಕೊಳ್ಳಬೇಕೆಂಬ ಕಡ್ಡಾಯ ಅದರಲ್ಲಿ ಇರಲೇ ಇಲ್ಲ. ತಿಳಿಸದಿದ್ದವರಿಗೆ ದಂಡ ಹಾಕಿದ್ದನ್ನು ನನ್ನ ಸರ್ವಿಸ್‌ನಲ್ಲಿ ನಾನಂತೂ ಕಾಣೆ.

ಆದರೂ ಒಂದು ಇತ್ತು. ಕೌಂಟರಿನಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ. "ಬಿಕಾಂ ಅಲ್ಲವೇನಮ್ಮ, ಇಂಥಲ್ಲಿ ಕೇಳು" ಅನ್ನುತ್ತಿದ್ದ.

ಸಿಂಗಲ್_ನೀಡಲ್
ಅಜ್ಜ, ನೀವು ಆ ಕೌಂಟರಲ್ಲಿ ಈಗ್ಲೂ ಇರ್ಬೇಕಿತ್ತು.

ಕೋಟೆಬೀದಿ_ರಿಟೈರ್ಡ್
ಸೊಂಟ ನೋವಮ್ಮ.

ಆಲೂ_ಬೀಜ
ಹಳೇಬಿಕಾಂ ಅವರೇ, ನಿಮ್ಮ ಒಂದೂವರೆ ಎಕರೆಗೆ ಏನು ಹಾಕ್ತೀರಿ? ನಮ್ಮ ತಾತನ ಕಾಲದಲ್ಲಿ ಬರೀ ಆಲೂಗಡ್ಡೆ. ನಾಟಿಗೆ ಒಂದು ತಿಂಗಳು, ಕೀಳೋಕೆ ಒಂದು ತಿಂಗಳು, ಊರಿನ ಹೆಂಗಸರಿಗೆಲ್ಲ ಕೈತುಂಬ ಕೆಲಸ. ಅಂಗಮಾರಿ ಬಂದು ಎಲ್ಲ ಹಾಳಾಯ್ತು.

ಬೇಲೂರು_ಬಸ್
ಅಂಗಮಾರಿ ಒಂದೇ ಅಲ್ಲ, ಬೀಜ. ಜಲಂಧರ್‌ನಿಂದ ಬರೋ ಬೀಜ ನಂಬ್ಕೊಂಡು ಎಷ್ಟು ವರ್ಷ ಕೂತ್ವಿ ನಾವು. ಈಗ ಎಲ್ಲ ಜೋಳ, ಶುಂಠಿ.

ಆಲೂ_ಬೀಜ
ಶುಂಠಿಗೆ ಕೊಳೆರೋಗ ಬಂದ್ರೆ ಅದರಪ್ಪ. ಹೋದ್ಸಲ ನಮ್ಮ ಅಣ್ಣ...

ನಿರ್ವಾಹಕ
ಆಲೂಗಡ್ಡೆ, ಶುಂಠಿಗೆ ಬೇರೆ ಎಳೆ ಇದೆ. ದಯವಿಟ್ಟು ಅಲ್ಲಿಗೆ ಹೋಗಿ.

ಪಾಠ_ಮಾಡೋಳು
ಆಲೂಗಡ್ಡೆ ಮಾತು ಪೂರ್ತಿ ದಾರಿ ತಪ್ಪಿಲ್ಲ ನಿರ್ವಾಹಕರೇ. ನಾನು ಅರ್ಥಶಾಸ್ತ್ರ ಹೇಳ್ಕೊಡೋದು, ಒಂದು ವಿಷಯ ಸೇರಿಸ್ತೀನಿ.

ಯಾರು ಕೆಲಸದಲ್ಲಿದಾರೆ, ಯಾರು ಇಲ್ಲ ಅಂತ ಲೆಕ್ಕ ಹಾಕೋ ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆ ಪ್ರಕಾರ 2017-18ರಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯೋ ಅಥವಾ ಕೆಲಸ ಹುಡುಕೋರು 23.3 ಪರ್ಸೆಂಟ್. 2023-24ಕ್ಕೆ ಅದು 41.7. ಇದನ್ನ ತೋರಿಸಿ ಹೆಣ್ಮಕ್ಕಳಿಗೆ ಕೆಲಸ ಸಿಕ್ತು ಅಂತ ಭಾಷಣ ಮಾಡ್ತಾರೆ. ಒಳಗೆ ನೋಡಿದ್ರೆ ಏರಿದ್ದರಲ್ಲಿ ದೊಡ್ಡ ಪಾಲು ಹಳ್ಳೀಲಿ, ಸ್ವಂತ ಉದ್ಯೋಗದ ಲೆಕ್ಕದಲ್ಲಿ. ಮನೆಯ ಕಸುಬಿಗೆ ಸಂಬಳ ಇಲ್ಲದೆ ಕೈ ಹಚ್ಚೋರನ್ನೂ ಅದರಲ್ಲೇ ಸೇರಿಸ್ತಾರೆ. ಹಳೇಬಿಕಾಂ, ನೀನು ಹಸು ಕರೆದು ಡೈರಿಗೆ ಹಾಲು ಹಾಕ್ತೀಯಲ್ವಾ? ಹಂಗಾದ್ರೆ ನೀನು ಆ ಲೆಕ್ಕದಲ್ಲಿ ಉದ್ಯೋಗಸ್ಥೆ ಆಗೋ ಸಾಧ್ಯತೆ ಜಾಸ್ತಿ.

ಹಳೇಬಿಕಾಂ
ನಾನೇ ಹಾಕೋದು, ಬೆಳಿಗ್ಗೆ ಸಂಜೆ ಎರಡೂ ಹೊತ್ತು. ಪಾಸ್‌ಬುಕ್ ಮಾತ್ರ ಅಪ್ಪನ ಹೆಸರಲ್ಲಿ 🙂

ಮಲೆನಾಡ್_ಮಳೆ
ಅಂಕಿಅಂಶ ಬಿಡಿ ಮೇಡಂ. ಓದಿದೋರು ಪರೀಕ್ಷೆ ಬರೀಲಿ. ಸರ್ಕಾರಿ ಕೆಲಸದಲ್ಲಿ ಹೆಂಗಸರಿಗೆ 33 ಪರ್ಸೆಂಟ್ ಮೀಸಲಿದೆ.

ಲೈಬ್ರರಿ_ಬೆಂಚು
ಬರೀತಿದೀವಿ ಸಾರ್. ನಾಲ್ಕು ವರ್ಷದಿಂದ ಅದೇ ಬೆಂಚಲ್ಲಿ ಕೂತಿದೀನಿ, ಮರದ ಮೇಲೆ ನನ್ನ ಮೊಣಕೈ ಗುರುತು ಬಿದ್ದಿದೆ.

ಪಿಎಸ್‌ಐ 545 ಹುದ್ದೆ, 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ. ಅಕ್ರಮ ಆಯ್ತು, ರದ್ದಾಯ್ತು, ಮರುಪರೀಕ್ಷೆ ಆಗೋ ಹೊತ್ತಿಗೆ 2024ರ ಜನವರಿ. ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್‌ನಲ್ಲಿ ಆಯ್ತು, ಕನ್ನಡ ಅನುವಾದ ಹೆಂಗಿತ್ತು ಅಂದ್ರೆ ಪ್ರಶ್ನೆ ಅರ್ಥ ಆಗೋಕೆ ಇಂಗ್ಲಿಷ್ ಓದ್ಬೇಕು. ಡಿಸೆಂಬರ್‌ನಲ್ಲಿ ಮತ್ತೆ ಮಾಡಿದ್ರು, ಮತ್ತೆ ತಪ್ಪು. ಇದರ ನಡುವೆ ಅಕ್ಟೋಬರ್‌ನಲ್ಲಿ ಒಳಮೀಸಲಾತಿ ವರದಿ ಬರೋತನಕ ಹೊಸ ಅಧಿಸೂಚನೆ ಬೇಡ ಅಂತ ಸಂಪುಟ ತೀರ್ಮಾನ ಮಾಡ್ತು. ಒಳಮೀಸಲಾತಿ ಬೇಕು, ಅದರಲ್ಲಿ ತಕರಾರಿಲ್ಲ, ನಮ್ಮಂಥೋರಿಗೇ ಅದು. ವರದಿ ಬಂದಿದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ದಿನ ಬೆಂಚಲ್ಲಿ ಕೂತೋರ ವಯಸ್ಸು ನಿಂತಿತ್ತಾ?

ಹಾಸನಾಂಬೆ ಬಾಗಿಲು ವರ್ಷಕ್ಕೆ ಒಂದ್ಸಲನಾದ್ರೂ ತೆಗೀತದೆ ಸಾರ್.

ಬೇಲೂರು_ಬಸ್
ಕೊನೆ ಸಾಲಿಗೆ ಕೈ ಮುಗಿದೆ 🙏

ಎಂಕಾಂ_ಸೊಸೆ
ಅಂಗನವಾಡಿ ಕಾರ್ಯಕರ್ತೆ ಹುದ್ದೆ ಯಾರೂ ಹೇಳ್ಲಿಲ್ಲ. ಪಿಯುಸಿ ಸಾಕು, ಆದ್ರೆ ಅಲ್ಲೇ ವಾಸ ಇರೋರಿಗೆ ಮಾತ್ರ. ನಮ್ಮಂಥ ಮದುವೆ ಆದೋರ ಗೋಳು ಕೇಳಿ: ತೌರಿನಲ್ಲಿ ಖಾಲಿ ಇದ್ದಾಗ ನಾನು ಅಲ್ಲಿರಲಿಲ್ಲ. ಗಂಡನ ಮನೆಗೆ ಬಂದ್ಮೇಲೆ ಇಲ್ಲಿ ಖಾಲಿ ಇಲ್ಲ.

ನಾನು ಈಗ ಚಿಕ್ಕಮಗಳೂರು ಕಡೆ ಇರೋದು. ಎರಡು ವರ್ಷ ಒಂದು ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ ಆಗಿದ್ದೆ. ಕ್ಲಾಸು ಇದ್ದಷ್ಟು ತಿಂಗಳು ದುಡ್ಡು, ರಜೆಯಲ್ಲಿ ಏನೂ ಇಲ್ಲ. ಆಮೇಲೆ ಒಂದು ಎಸ್ಟೇಟಲ್ಲಿ ರೈಟರ್ ಬೇಕು ಅಂತ ಗೊತ್ತಾಯ್ತು. ಹಾಜರಿ ಬರೆಯೋದು, ಬಟವಾಡೆ ಲೆಕ್ಕ, ಗೊಬ್ಬರದ ಸ್ಟಾಕು. ನಾನು ಎಂಕಾಂ, ಇದು ನನಗೆ ನೀರು ಕುಡಿದಂಗೆ. ಫೋನ್ ಮಾಡಿದ್ರೆ "ನಿಮ್ಮ ಯಜಮಾನರಿಗಾ ಮೇಡಂ?" ಅಂದ್ರು. ನನಗೇ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. "ರೈಟರ್ ಅಂದ್ರೆ ಗಂಡಸರೇ ಮೇಡಂ, ತೋಟ ಸುತ್ತಬೇಕು" ಅಂತ ಇಟ್ಬಿಟ್ರು. ಅದೇ ತೋಟದಲ್ಲಿ ಹಣ್ಣು ಬಿಡಿಸೋರು ಮುಕ್ಕಾಲು ಪಾಲು ಹೆಂಗಸರು. ಅವರು ಸುತ್ತದೇ ಇರೋ ತೋಟ ಯಾವುದಪ್ಪ?

ಮಲೆನಾಡ್_ಮಳೆ
ತೋಟದಲ್ಲಿ ಆನೆ ಕಾಟ ಇದೆ ಮೇಡಂ, ಆ ಭಯಕ್ಕೂ ಹಂಗಂದಿರಬಹುದು. ನಮ್ಮ ಸಕಲೇಶಪುರ, ಆಲೂರು ಕಡೆ ಬೆಳಿಗ್ಗೆ ಆರಕ್ಕೆ ಗಂಡಸರೂ ಒಬ್ಬೊಬ್ಬರೇ ಹೋಗಲ್ಲ.

ಎಂಕಾಂ_ಸೊಸೆ
ಆನೆ ರೈಟರ್‌ನ ಮಾತ್ರ ಓಡಿಸುತ್ತಾ, ಕೂಲಿಯೋರನ್ನ ಬಿಟ್ಟುಬಿಡುತ್ತಾ?

ಮಲೆನಾಡ್_ಮಳೆ
ಇಲ್ಲ. ಅದು ಸರಿ.

ಆಷಾಢ_ಟೈಲರ್
ನಾನು ಆರ್‌ಸೆಟಿಲಿ, ಅಂದ್ರೆ ಬ್ಯಾಂಕಿನೋರು ಹಳ್ಳಿಯೋರಿಗೆ ಸ್ವಂತ ಉದ್ಯೋಗ ಕಲಿಸೋ ಕೇಂದ್ರದಲ್ಲಿ, 30 ದಿನ ಹೊಲಿಗೆ ಕಲಿತೋಳು. ಊಟ, ವಸತಿ ಎಲ್ಲ ಉಚಿತ, ಚೆನ್ನಾಗೇ ಕಲಿಸ್ತಾರೆ, ಯಾರಾದ್ರೂ ಹೋಗೋದಾದ್ರೆ ಧೈರ್ಯವಾಗಿ ಹೋಗಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿ ನೋಡ್ಕೊಂಡು ಮಾಡಿದ್ದಂತೆ ಇದು.

ಕಷ್ಟ ಶುರುವಾಗೋದು 31ನೇ ದಿನ. ಮಿಷನ್ನಿಗೆ ಸಾಲ ಕೇಳೋಕೆ ಒಂದು ಬ್ಯಾಂಕಿಗೆ ಹೋದೆ. ಮುದ್ರಾದಲ್ಲಿ 50,000ದ ತನಕ ಶಿಶು ಸಾಲಕ್ಕೆ ಅಡಮಾನ ಬೇಡ ಅಂತ ತರಬೇತೀಲೇ ಹೇಳಿಕೊಟ್ಟಿದ್ರು. ಮ್ಯಾನೇಜರ್ "ಅದೆಲ್ಲ ಸರಿನಮ್ಮ, ನಿಮ್ಮ ತಂದೇನ ಕರ್ಕೊಂಡು ಬಾ" ಅಂದ್ರು. ನಾಲ್ಕು ಸಲ ಅಲೆದೆ. ಕೊನೆಗೆ ಅಮ್ಮ ಸಂಘದಲ್ಲಿ ಎತ್ತಿ ಕೊಟ್ರು. ಹೆಣ್ಮಕ್ಕಳಿಗೆ ಅಂತ ಇರೋ ಉದ್ಯೋಗಿನಿ ಸಾಲ ಯೋಜನೇಲಿ ಸಬ್ಸಿಡಿ ಇದೆ, ಅದಕ್ಕೂ ಹಾಕಿದ್ದೆ, ಆ ವರ್ಷದ ಪಟ್ಟೀಲಿ ನನ್ನ ಹೆಸರು ಬರ್ಲಿಲ್ಲ.

ಈಗ ಬ್ಲೌಸಿಗೆ 300, ಲೈನಿಂಗ್ ಹಾಕಿದ್ರೆ 450. ಲಗ್ನದ ತಿಂಗಳಲ್ಲಿ 9,000ದ ತನಕ ಆಗುತ್ತೆ. ಆಷಾಢ ಬಂತು ಅಂದ್ರೆ ಮಿಷನ್ ಮೇಲೆ ಬೆಕ್ಕು ಮಲಗಿರುತ್ತೆ. ಪಿತೃಪಕ್ಷದಲ್ಲೂ ಅಷ್ಟೇ. ಹೆಸರು ನೋಡಿ ನಗಬೇಡಿ, ಅದಕ್ಕೇ ಇಟ್ಕೊಂಡಿದ್ದು.

ಸಿಂಗಲ್_ನೀಡಲ್
ಆಷಾಢದಲ್ಲಿ ನಮ್ಮ ಲೈನಿಗೆ ಬಾ. ಅಮೇರಿಕಾದೋರಿಗೆ ಆಷಾಢ ಇಲ್ಲ.

ಹೊಳೆನರಸೀಪುರ_ಎಕ್ಸ್‌ಪ್ರೆಸ್
ನಮಸ್ಕಾರ. ನಾನು ಈ ನಂಬರಿನ ಹುಡ್ಗನ ತಾಯಿ. ಅವ್ನು ಓದಿ ಹೇಳ್ತಿದ್ದ, ನಾನೇಳಿದ್ದ ಅವ್ನೇ ಒತ್ತವ್ನೆ.

ನಮ್ಮುಡ್ಗೀನೂ ಬಿಎ ಮಾಡವ್ಳೆ. ಎಲ್ಡು ವರ್ಸಾಯ್ತು ಮನೇಲವ್ಳೆ. ಬಂದೋರೆಲ್ಲ ಏನ್ ಮಾಡ್ತವ್ಳೆ ಅಂತ ಕೇಳ್ತಾರೆ. ಕೇಳೋದು ಅವ್ಳನ್ನಲ್ಲ, ನನ್ನ. ಅವ್ಳು ಒಳಗೆ ಕುಂತು ಕೇಳಿಸ್ಕತ್ತಾಳೆ. ಮೈಸೂರಾಗೆ ಅಂಗ್ಡಿ ಲೆಕ್ಕ ಬರೆಯೋ ಕೆಲ್ಸ ಬಂದಿತ್ತು. ರೂಮಿಗೆ ಮುಂಗಡ ಕಟ್ಬೇಕು, ಸಂಬ್ಳ ಬರಗಂಟ ಊಟುಕ್ಕೆ ಬೇಕು. ಸಂಘದಾಗೆ ಇಪ್ಪತ್ತು ಸಾವ್ರ ಎತ್ತಿ ಕೊಡ್ತೀನಿ ಕಣವ್ವ ಅಂದೆ. ಬ್ಯಾಡ, ಕೆಲ್ಸ ನಿಲ್ದಿದ್ರೆ ವಾರ ವಾರ ಕಂತು ಯಾರ್ ಕಟ್ತಾರೆ ಅಂದ್ಲು. ಹೋಗ್ಲೇ ಇಲ್ಲ. ಅವ್ಳಪ್ಪ ಈಗ ಗಂಡು ನೋಡ್ತವ್ರೆ. ಅಷ್ಟೇ ನಾನೇಳಾದು.

ಕಾಲಂ_ನಂಬರ್_9
ತಾಯಿ ಹೇಳಿದ್ದೇ ನಿಜವಾದ ವಿಷಯ. ಇಷ್ಟು ಹೊತ್ತು ನಾವೆಲ್ಲ ಸುತ್ತುಬಳಸಿ ಮಾತಾಡಿದ್ವಿ.

ಲೆಕ್ಕ ಹಾಕಿ. ಹಾಸನದಲ್ಲಿ ಒಂದು ಸಾಧಾರಣ ಪಿಜಿ, ಊಟ ಸೇರಿ 5,000. ಮುಂಗಡ 5,000. ಹಾಸಿಗೆ, ಬಕೆಟ್ಟು, ಓಡಾಟ, 2,000. ಒಂದನೇ ತಾರೀಕು ಸೇರಿದ್ರೆ ಸಂಬಳ ಬರೋದು ಮುಂದಿನ ತಿಂಗಳು 10ಕ್ಕೆ. ಅಂದ್ರೆ ನಲವತ್ತು ದಿನ. ಆ ನಲವತ್ತು ದಿನಕ್ಕೆ ಎರಡನೇ ತಿಂಗಳ ಬಾಡಿಗೆಯೂ ಸೇರಿ 17,000 ಕೈಯಲ್ಲಿ ಇರ್ಬೇಕು. ಕೆಲಸ ಇಲ್ಲದೆ ಮನೇಲಿದ್ರೆ ಎರಡು ವರ್ಷಕ್ಕೆ 72,000 ತನಕ ಕೊಡೋ ವ್ಯವಸ್ಥೆ ಇದೆ, ಕೆಲಸಕ್ಕೆ ಹೊರಟ ದಿನ ಕೈ ಹಿಡಿಯೋ ವ್ಯವಸ್ಥೆ ಇಲ್ಲ. ಕೊನೆ ಆರು ಕಂತನ್ನ ಒಟ್ಟಿಗೆ ಕೊಟ್ಟು "ಹೋಗಿ ಸೇರ್ಕೋ" ಅಂದಿದ್ರೆ 18,000 ಆಗ್ತಿತ್ತು.

ಮಲೆನಾಡ್_ಮಳೆ
ಇದನ್ನ ಒಪ್ತೀನಿ. ಮೊದಲು ಬರೆದಿದ್ದು ವಾಪಸ್ ತಗೊಂಡೆ ಅಂತಲ್ಲ, ಆದ್ರೆ ಇದು ಸರಿಯಾದ ಲೆಕ್ಕ.

ಪಾಠ_ಮಾಡೋಳು
ಪಿಜಿ ಬದಲು ಕೆಲಸ ಮಾಡೋ ಹೆಣ್ಮಕ್ಕಳ ಹಾಸ್ಟೆಲ್ ಎಲ್ಲಿದೆ ಅಂತ ವಿಚಾರಿಸಿ. ಕೇಂದ್ರದ್ದು ಸಖಿ ನಿವಾಸ ಅಂತ ಯೋಜನೆ. ಬಾಡಿಗೆ ಸಂಬಳದ ಮೇಲೆ: ಒಬ್ಬರ ರೂಮಿಗೆ ಸಂಬಳದ 15 ಪರ್ಸೆಂಟ್ ಮೀರಂಗಿಲ್ಲ, ಇಬ್ಬರದಕ್ಕೆ 10, ಡಾರ್ಮಿಟರಿ ಆದ್ರೆ ಏಳೂವರೆ. ತರಬೇತಿಲಿ ಇರೋರಿಗೂ 30 ಪರ್ಸೆಂಟ್ ತನಕ ಜಾಗ ಕೊಡಬಹುದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೇಲಿ ಕೇಳಿ.

ಸ್ಟಾರ್_ಜಾಬ್ಸ್_ಹಾಸನ
ಮನೆಯಲ್ಲೇ ಕುಳಿತು ಡೇಟಾ ಎಂಟ್ರಿ!! ತಿಂಗಳಿಗೆ 25,000!! ನೋಂದಣಿ ಶುಲ್ಕ 2,499 ಮಾತ್ರ. ಇನ್‌ಬಾಕ್ಸ್‌ಗೆ ಬನ್ನಿ ಸಿಸ್ಟರ್

ಎಂಕಾಂ_ಸೊಸೆ
ಬಂದ ನೋಡಿ.

ಲೈಬ್ರರಿ_ಬೆಂಚು
ಯಾರೂ ಕಟ್ಬೇಡಿ. ನನ್ನ ಗೆಳತಿ ಹಿಂಗೇ 2,500 ಕಟ್ಟಿ, ಆಮೇಲೆ "ನಿಮ್ಮ ಕೆಲಸದಲ್ಲಿ ತಪ್ಪಿದೆ, ಅಗ್ರಿಮೆಂಟ್ ಪ್ರಕಾರ 6,000 ದಂಡ" ಅಂತ ವಕೀಲರ ಹೆಸರಲ್ಲಿ ನೋಟಿಸ್ ಬಂತು. ಹೆದರಿ ಅದನ್ನೂ ಕಟ್ಟಿದ್ಲು. ದುಡ್ಡು ಹೋದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು, ತಡ ಮಾಡಿದಷ್ಟೂ ಸಿಗಲ್ಲ.

ನಿರ್ವಾಹಕ
ಆ ಖಾತೆ ತೆಗೆದುಹಾಕಿದೆ.

ಬೇಲೂರು_ಬಸ್
ಹಳೇಬಿಕಾಂ, ಕೇಳಿ. ಬಿಎಂ ರಸ್ತೆ ಕಡೆ ನನಗೆ ಪರಿಚಯದ ಒಬ್ಬರು ಆಡಿಟರ್ ಇದಾರೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಮಾಡೋಕೆ ಹುಡುಗಿ ಬೇಕು ಅಂತಿದ್ರು. ಸಂಬಳ ಜಾಸ್ತಿ ಇಲ್ಲ, ಎಂಟು ಒಂಬತ್ತು ಇರಬಹುದು. ಕೆಲಸ ಮಾತ್ರ ಚೆನ್ನಾಗಿ ಕಲೀತೀರಿ. ಇನ್‌ಬಾಕ್ಸಲ್ಲಿ ವಿಳಾಸ ಹಾಕ್ತೀನಿ. ಹೆದರಬೇಡಿ, ನಾನು 2,499 ಕೇಳಲ್ಲ.

ಹಳೇಬಿಕಾಂ
😀 ಕಳಿಸಿ ಅಣ್ಣ. ನಾಳೆನೇ ಹೋಗಿ ಬರ್ತೀನಿ.

ಹಳೇಬಿಕಾಂ
ಎರಡು ದಿನ ತಡವಾಯ್ತು. ಹೋಗಿ ಬಂದೆ.

ಕಂಪ್ಯೂಟರ್ ಮುಂದೆ ಕೂರಿಸಿ ಹತ್ತು ಬಿಲ್ ಎಂಟ್ರಿ ಮಾಡ್ಸಿದ್ರು. ಒಂದರಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಹಾಕ್ಬಿಟ್ಟೆ, ಅದು ಕೇರಳದ ಪಾರ್ಟಿ, ಬೇರೆ ರಾಜ್ಯದ್ದಕ್ಕೆ ಹಾಕೋ ಐಜಿಎಸ್‌ಟಿ ಆಗ್ಬೇಕಿತ್ತು. ನಾನೇ ನೋಡಿ ತಿದ್ದಿದೆ. ಅದು ಅವರಿಗೆ ಇಷ್ಟ ಆಯ್ತು ಅನ್ಸುತ್ತೆ. ಆಮೇಲೆ "ಮದುವೆ ಯಾವಾಗ?" ಅಂದ್ರು. ಗೊತ್ತಿಲ್ಲ ಸಾರ್ ಅಂದೆ. "ಕಲಿಸಿದ ಮೇಲೆ ಹೊರಟೋಗ್ತೀರಿ ಎಲ್ಲರೂ" ಅಂದ್ರು. ಏನು ಹೇಳ್ಬೇಕೋ ತೋಚ್ಲಿಲ್ಲ, ಸುಮ್ನಿದ್ದೆ.

ಸಂಬಳ 8,500. ಒಂಬತ್ತೂವರೆಯಿಂದ ಏಳು ಗಂಟೆ. ಇಲ್ಲೇ ಸಿಕ್ಕಿಕೊಂಡಿರೋದು. ಬಸ್ಸು ಶಕ್ತಿ ಯೋಜನೇಲಿ ಫ್ರೀ, ಆದ್ರೆ ನಮ್ಮ ಊರಿಗೆ ಹೋಗೋ ಕೊನೆ ಬಸ್ಸು ಹಾಸನ ಬಿಡೋದೇ 6:15ಕ್ಕೆ. ಪಿಜಿಲಿ ಇದ್ರೆ ಕೈಗೆ 3,500 ಉಳಿಯುತ್ತೆ, ಜೊತೆಗೆ ಮೊದಲಿಗೆ ಆ 17,000. ಆರಕ್ಕೆ ಬಿಟ್ರೆ ಬರ್ತೀನಿ ಸಾರ್ ಅಂದೆ. "ನೋಡೋಣ, ಫೋನ್ ಮಾಡ್ತೀನಿ" ಅಂದಿದಾರೆ.

ಸಿಂಗಲ್_ನೀಡಲ್
ಅವರೇ ಮಾಡ್ತಾರೆ ಅಂತ ಕಾಯ್ಬೇಡ. ನಾಳೆ ಹನ್ನೊಂದಕ್ಕೆ ನೀನೇ ಮಾಡು.

ತಾಲ್ಲೂಕ್_ಟಾಪರ್
ಬಸ್ಸಿನ ಟೈಮ್ ಬದಲಾಯಿಸಬಹುದು ಅಕ್ಕ! ನಮ್ಮೂರಲ್ಲಿ ಮಾಡಿದೀವಿ. ಕಾಲೇಜು ಹುಡುಗೀರು, ನರ್ಸ್ ಒಬ್ರು, ಅಂಗಡಿ ಕೆಲಸದೋರು, ಎಲ್ಲ ಸೇರಿ 42 ಸೈನ್ ಹಾಕಿ ಸಾರಿಗೆ ವಿಭಾಗೀಯ ಕಚೇರಿಗೆ ಕೊಟ್ವಿ. ಮೂರು ತಿಂಗಳಿಗೆ ಕೊನೆ ಬಸ್ಸು 50 ನಿಮಿಷ ಮುಂದಕ್ಕೆ ಹೋಯ್ತು.

ಕೊಬ್ಬರಿ_ಅರಸೀಕೆರೆ
ಮುಂದಕ್ಕೆ ಹಾಕಿದ್ರೆ ಆ ಬಸ್ಸಲ್ಲಿ ಈಗ ಹೋಗ್ತಿರೋ ಸ್ಕೂಲ್ ಮಕ್ಕಳ ಗತಿ ಏನು? ಅದನ್ನೂ ಯೋಚ್ನೆ ಮಾಡಿ. "ಈಗಿನದು ಇರಲಿ, 7:15ಕ್ಕೆ ಇನ್ನೊಂದು ಹೆಚ್ಚುವರಿ ಬಿಡಿ" ಅಂತ ಬರೀರಿ. ಅವರು ಹೆಚ್ಚುವರಿ ಕೊಡಲ್ಲ, ಆದ್ರೆ ಮಾತಿಗೆ ಕರೀತಾರೆ. ಪಂಚಾಯ್ತಿ ಅಧ್ಯಕ್ಷರದ್ದೂ ಒಂದು ಪತ್ರ ಜೊತೆಗಿರಲಿ.

ಎಂಕಾಂ_ಸೊಸೆ
ಅಣ್ಣ ಫ್ಯಾನ್ ಕೆಳಗಿಂದ ಎದ್ದು ಬಂದು ಒಳ್ಳೇ ಮಾತಾಡ್ತಿದಾರೆ ಇವತ್ತು.

ಹಳೇಬಿಕಾಂ
ಸಿಂಗಲ್ ನೀಡಲ್ ಹೇಳಿದಂಗೆ ಹನ್ನೊಂದಕ್ಕೆ ಫೋನ್ ಮಾಡ್ದೆ. ಆರಕ್ಕೆ ಬಿಡ್ತಾರಂತೆ, ಸಂಬಳ 7,500 ಅಂತೆ. ರಿಟರ್ನ್ ಕಟ್ಟೋ 11 ಮತ್ತು 20ನೇ ತಾರೀಕಿನ ಹಿಂದೆ ಮುಂದೆ ಮಾತ್ರ ಏಳರ ತನಕ ಇರ್ಬೇಕು. ಆ ದಿನ ಹಾಸನದಲ್ಲಿ ಚಿಕ್ಕಮ್ಮನ ಮನೇಲಿ ಉಳ್ಕೋತೀನಿ. ಸೋಮವಾರದಿಂದ ಹೋಗ್ತಿದೀನಿ. ಬೆಳಿಗ್ಗೆ ಹಾಲು ಹಾಕೋದು ತಮ್ಮನ ಪಾಲಿಗೆ ಬಂತು, ಮುಖ ಊದಿಸ್ಕೊಂಡಿದಾನೆ.

ಬಸ್ಸಿನ ಅರ್ಜಿ ಬರೆದಿದೀನಿ. ನಿನ್ನೆ ಬಸ್ಸಲ್ಲೇ ಕೇಳ್ಕೊಂಡು 11 ಸೈನ್ ಆಯ್ತು.

ಸಿಂಗಲ್_ನೀಡಲ್
ನಮ್ಮ ಲೈನಲ್ಲಿ ನಿಮ್ಮ ಕಡೆಯೋರು ನಾಲ್ಕು ಜನ ಇದಾರೆ, ಓವರ್‌ಟೈಮ್ ದಿನ ಅವರಿಗೂ ಬಸ್ಸಿಲ್ಲ. ಹಾಳೆ ಕಳಿಸು, ಊಟದ ಬೆಲ್ಲಿಗೆ ಹಾಕಿಸ್ತೀನಿ.

ಆಲೂ_ಬೀಜ
ನಮ್ಮ ಅತ್ತಿಗೆದೂ ಸೇರಿಸಿ. ಅರಕಲಗೂಡಲ್ಲಿ ಅದೇ ಬಸ್ಸು ಕಾಯೋದು.

ಕೋಟೆಬೀದಿ_ರಿಟೈರ್ಡ್
ಅರ್ಜಿ ಎರಡು ಪ್ರತಿ ಮಾಡಿಸಮ್ಮ. ಒಂದನ್ನು ಟಪಾಲಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಸೀಲು, ತಾರೀಕು, ನಂಬರು ಹಾಕಿಸಿಕೊಂಡೇ ಬಾ. "ಆಮೇಲೆ ಬನ್ನಿ" ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರು. ನಾನೂ ಎಷ್ಟೋ ಜನಕ್ಕೆ ಆಮೇಲೆ ಬನ್ನಿ ಅಂದವನೇ. ಎದ್ದು ಹೋಗದೆ ಕೂತವರದ್ದು ಮೊದಲು ಮಾಡಿಕೊಡುತ್ತಿದ್ದೆ.